ಶುಂಠಿ ಮತ್ತು ಕ್ಯಾನ್ಸರ್: ಖಾರದ ಅಣುಗಳ ಸಾಧ್ಯತೆ ಮತ್ತು ಮಿತಿ

ಶುಂಠಿಯ ಖಾರಕ್ಕೆ ಕಾರಣವಾದ ಜಿಂಜೆರಾಲ್ ಮತ್ತು ಶೊಗಾಲ್ ಎಂಬ ಸಂಯುಕ್ತಗಳು ಕೆಲವು ದಶಕಗಳಿಂದ ಕ್ಯಾನ್ಸರ್ ಸಂಶೋಧಕರ ಗಮನ ಸೆಳೆದಿವೆ. ಈ ಸಂಶೋಧನೆಯಲ್ಲಿ ಮೂರು ಪ್ರತ್ಯೇಕ ಪ್ರಶ್ನೆಗಳಿವೆ. ಈ ಸಂಯುಕ್ತಗಳು ಕ್ಯಾನ್ಸರ್ ಹುಟ್ಟದಂತೆ ತಡೆಯಬಲ್ಲವೇ? ಹುಟ್ಟಿದ ಕ್ಯಾನ್ಸರನ್ನು ಕುಗ್ಗಿಸಬಲ್ಲವೇ? ಚಿಕಿತ್ಸೆಯಿಂದ ರೋಗಿಗೆ ಆಗುವ ಸಂಕಟವನ್ನು ತಗ್ಗಿಸಬಲ್ಲವೇ? ಜನಪ್ರಿಯ ಬರಹಗಳಲ್ಲಿ ಈ ಮೂರೂ ಒಂದರೊಳಗೊಂದು ಬೆರೆತುಹೋಗುತ್ತವೆ. ವಿಜ್ಞಾನದಲ್ಲಿ ಇವುಗಳಿಗೆ ದೊರೆತಿರುವ ಉತ್ತರಗಳು ಬೇರೆ ಬೇರೆ, ಆ ಉತ್ತರಗಳ ಆಧಾರಬಲವೂ ಬೇರೆ ಬೇರೆ.

ಶುಂಠಿ ಎಂದರೇನು

ನಾವು ಬಳಸುವ ಶುಂಠಿಯು ಬೇರಲ್ಲ. ಮಣ್ಣಿನೊಳಗೆ ಅಡ್ಡಲಾಗಿ ಬೆಳೆಯುವ ಕಾಂಡ. ಇದನ್ನು ಸಸ್ಯಶಾಸ್ತ್ರದಲ್ಲಿ ಬೇರುಕಾಂಡ ಎನ್ನುತ್ತಾರೆ. ಅರಿಸಿನ ಮತ್ತು ಏಲಕ್ಕಿ ಇದೇ ಕುಟುಂಬದ ಸಸ್ಯಗಳು. ಶುಂಠಿಗೆ ಜಿಂಜಿಬರ್ ಅಫಿಸಿನೇಲ್ ಎಂಬ ವೈಜ್ಞಾನಿಕ ಹೆಸರನ್ನು 1807ರಲ್ಲಿ ಇಂಗ್ಲೆಂಡಿನ ವಿಲಿಯಂ ರಾಸ್ಕೊ ನೀಡಿದರು. ಈ ಹೆಸರಿನ ಮೊದಲ ಭಾಗದ ಮೂಲ ಭಾರತದಲ್ಲಿದೆ. ಸಂಸ್ಕೃತದಲ್ಲಿ ಶೃಂಗವೇರ ಎನಿಸಿಕೊಂಡ ಶುಂಠಿಯು ಪ್ರಾಕೃತದ ಮೂಲಕ ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳನ್ನು ಸೇರಿತು. ಶೃಂಗ ಎಂದರೆ ಕೊಂಬು. ಕವಲೊಡೆದ ಶುಂಠಿಯನ್ನು ನೋಡಿದವರಿಗೆ ಹೆಸರಿನ ಔಚಿತ್ಯ ತಿಳಿಯುತ್ತದೆ.

ಆಯುರ್ವೇದವು ಹಸಿಯದನ್ನು ಆರ್ದ್ರಕವೆಂದೂ ಒಣಗಿದ್ದನ್ನು ಶುಂಠಿಯೆಂದೂ ಬೇರ್ಪಡಿಸಿ, ಎರಡಕ್ಕೂ ಬೇರೆ ಬೇರೆ ಗುಣಗಳನ್ನು ಹೇಳುತ್ತದೆ. ಮೆಣಸು ಮತ್ತು ಹಿಪ್ಪಲಿಯೊಡನೆ ಸೇರಿದ ಒಣಶುಂಠಿಯೇ ತ್ರಿಕಟು. ಕನ್ನಡದ ಆಡುಮಾತಿನಲ್ಲಿಯೂ ಹಸಿಶುಂಠಿ, ಒಣಶುಂಠಿ ಎಂಬ ಭೇದವಿದೆ. ಉತ್ತರ ಕರ್ನಾಟಕದಲ್ಲಿ ಹಸಿಶುಂಠಿಗೆ ಅಲ್ಲ ಎಂಬ ಹೆಸರಿದೆ. ಈ ಭೇದಕ್ಕೆ ರಾಸಾಯನಿಕ ಆಧಾರವೂ ಇರುವುದನ್ನು ಮುಂದೆ ಕಾಣಬಹುದು.

ಶುಂಠಿಯನ್ನು ಬೀಜದಿಂದ ಬೆಳೆಸುವುದಿಲ್ಲ. ಬೇರುಕಾಂಡದ ತುಂಡುಗಳನ್ನೇ ಬಿತ್ತನೆಗೆ ಬಳಸಲಾಗುತ್ತದೆ. ಭಾರತವು ಜಗತ್ತಿನ ಅತಿ ದೊಡ್ಡ ಶುಂಠಿ ಉತ್ಪಾದಕ ರಾಷ್ಟ್ರ. ಕರ್ನಾಟಕದಲ್ಲಿ ಹಾಸನ, ಕೊಡಗು, ಶಿವಮೊಗ್ಗ, ಮೈಸೂರು ಮೊದಲಾದ ಜಿಲ್ಲೆಗಳಲ್ಲಿ ಇದು ಮುಖ್ಯ ವಾಣಿಜ್ಯ ಬೆಳೆ. ಬೀದರ್ ಸೀಮೆಯ ಹುಮನಾಬಾದ್ ತನ್ನ ಹೆಸರನ್ನು ಒಂದು ಸ್ಥಳೀಯ ತಳಿಗೆ ನೀಡಿದೆ. ಕೋಯಿಕ್ಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ ವರದ, ರಜತ, ಮಹಿಮಾ ಎಂಬ ಸುಧಾರಿತ ತಳಿಗಳನ್ನು ಬಿಡುಗಡೆ ಮಾಡಿದೆ.

ಖಾರದ ರಸಾಯನಶಾಸ್ತ್ರ

ಹಸಿಶುಂಠಿಯ ತೂಕದಲ್ಲಿ ಸುಮಾರು ಐದನೆಯ ನಾಲ್ಕು ಭಾಗ ನೀರು. ಉಳಿದುದರಲ್ಲಿ ಪಿಷ್ಟ ಮತ್ತು ನಾರು ಹೆಚ್ಚು. ಪರಿಮಳ ಬರುವುದು ಆವಿಯಾಗಬಲ್ಲ ತೈಲದಿಂದ. ಈ ತೈಲದ ಪ್ರಮುಖ ಘಟಕ ಜಿಂಜಿಬೆರೀನ್. ಖಾರ ಬರುವುದು ಆವಿಯಾಗದ ಫೀನಾಲ್ ಸಂಯುಕ್ತಗಳಿಂದ. ಕ್ಯಾನ್ಸರ್ ಸಂಶೋಧನೆಯ ಮುಖ್ಯ ವಸ್ತು ಈ ಎರಡನೆಯ ಗುಂಪು.

1879ರಲ್ಲಿ ಬ್ರಿಟನ್ನಿನ ಜಾನ್ ಥ್ರೆಶ್ ಶುಂಠಿಯ ಖಾರದ ಸತ್ವವನ್ನು ಬೇರ್ಪಡಿಸಿ ಅದಕ್ಕೆ ಜಿಂಜೆರಾಲ್ ಎಂಬ ಹೆಸರಿಟ್ಟರು. ಅದು ಒಂದೇ ವಸ್ತುವಲ್ಲ, ಒಂದು ಕುಟುಂಬ ಎಂಬುದು ನಂತರ ತಿಳಿಯಿತು. ಅಣುವಿನ ಬಾಲದಂತಿರುವ ಇಂಗಾಲದ ಸರಪಳಿಯ ಉದ್ದಕ್ಕೆ ಅನುಗುಣವಾಗಿ 6-ಜಿಂಜೆರಾಲ್, 8-ಜಿಂಜೆರಾಲ್, 10-ಜಿಂಜೆರಾಲ್ ಎಂಬ ಹೆಸರುಗಳಿವೆ. ಇವುಗಳಲ್ಲಿ 6-ಜಿಂಜೆರಾಲ್ ಪ್ರಮಾಣದಲ್ಲಿ ಹೆಚ್ಚು. ಅದರ ಒಂದು ಅಣುವಿನಲ್ಲಿ 17 ಇಂಗಾಲ, 26 ಜಲಜನಕ ಮತ್ತು 4 ಆಮ್ಲಜನಕ ಪರಮಾಣುಗಳಿವೆ.

ಶುಂಠಿಯನ್ನು ಒಣಗಿಸಿದಾಗ ಅಥವಾ ಕಾಯಿಸಿದಾಗ ಜಿಂಜೆರಾಲ್ ಒಂದು ನೀರಿನ ಅಣುವನ್ನು ಕಳೆದುಕೊಂಡು ಶೊಗಾಲ್ ಆಗುತ್ತದೆ. ಜಪಾನೀ ಭಾಷೆಯಲ್ಲಿ ಶುಂಠಿಗೆ ಶೋಗಾ ಎನ್ನುತ್ತಾರೆ. ಸಂಯುಕ್ತದ ಹೆಸರು ಅದರಿಂದ ಬಂದುದು. ಶೊಗಾಲಿನ ಖಾರ ಜಿಂಜೆರಾಲಿನ ಖಾರಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಒಣಶುಂಠಿಯ ಕಷಾಯ ಗಂಟಲಲ್ಲಿ ಹೆಚ್ಚು ಉರಿಯುವುದಕ್ಕೆ ಇದೇ ಕಾರಣ. ಬೇಯಿಸುವಾಗ ಜಿಂಜೆರಾಲಿನ ಸ್ವಲ್ಪ ಭಾಗ ಒಡೆದು ಜಿಂಜೆರೋನ್ ಎಂಬ ಸೌಮ್ಯವಾದ, ತುಸು ಸಿಹಿಗಂಧದ ವಸ್ತುವಾಗುತ್ತದೆ. ಹೀಗೆ ಹಸಿ, ಒಣ ಮತ್ತು ಬೇಯಿಸಿದ ಶುಂಠಿಗಳು ರಾಸಾಯನಿಕವಾಗಿ ಒಂದೇ ಅಲ್ಲ. ಶುಂಠಿಯ ಪರಿಣಾಮ ಎಂಬ ಮಾತು ಬಂದಾಗಲೆಲ್ಲ ಯಾವ ರೂಪದ ಶುಂಠಿ, ಅದರಲ್ಲಿ ಯಾವ ಸಂಯುಕ್ತ, ಎಷ್ಟು ಪ್ರಮಾಣ ಎಂದು ಕೇಳಬೇಕಾಗುತ್ತದೆ.

ಕ್ಯಾನ್ಸರ್ ಬೆಳೆಯುವ ಬಗೆ

ದೇಹದ ಜೀವಕೋಶಗಳು ಅಗತ್ಯಕ್ಕೆ ತಕ್ಕಂತೆ ವಿಭಜನೆಗೊಂಡು, ಅವಧಿ ಮುಗಿದಾಗ ಅಥವಾ ಸರಿಪಡಿಸಲಾಗದಷ್ಟು ಕೆಟ್ಟಾಗ ಸಾಯುತ್ತವೆ. ಈ ವ್ಯವಸ್ಥಿತ ಸಾವನ್ನು ಅಪಾಪ್ಟೋಸಿಸ್ ಅಥವಾ ಯೋಜಿತ ಕೋಶಮರಣ ಎಂದು ಕರೆಯಲಾಗುತ್ತದೆ. ವಂಶವಾಹಿಗಳಲ್ಲಿ ದೋಷಗಳು ಶೇಖರಗೊಂಡ ಕೋಶವು ಈ ನಿಯಮವನ್ನು ಮೀರಿ ವಿಭಜನೆಗೊಳ್ಳುತ್ತ ಹೋದಾಗ ಗೆಡ್ಡೆ ಹುಟ್ಟುತ್ತದೆ. ಗೆಡ್ಡೆಯು ತನ್ನ ಪೋಷಣೆಗೆ ಹೊಸ ರಕ್ತನಾಳಗಳನ್ನು ಸೆಳೆದುಕೊಳ್ಳುತ್ತದೆ. ಅದರ ಕೋಶಗಳು ಕಾಲಕ್ರಮದಲ್ಲಿ ದೂರದ ಅಂಗಗಳಿಗೂ ಹರಡಬಹುದು.

ಈ ಪ್ರಕ್ರಿಯೆಗೆ ಹಲವು ವರ್ಷಗಳು ಬೇಕು. ದೀರ್ಘಕಾಲ ಆರದೆ ಉಳಿದ ಉರಿಯೂತ ಅದಕ್ಕೆ ಪೋಷಕವಾಗುತ್ತದೆ. ಹೆಪಟೈಟಿಸ್ ಸೋಂಕಿನಿಂದ ಯಕೃತ್ತಿನಲ್ಲಿಯೂ, ಹೆಲಿಕೋಬ್ಯಾಕ್ಟರ್ ಸೋಂಕಿನಿಂದ ಜಠರದಲ್ಲಿಯೂ ಕ್ಯಾನ್ಸರ್ ಉಂಟಾಗುವುದು ಇದಕ್ಕೆ ಪ್ರಸಿದ್ಧ ಉದಾಹರಣೆಗಳು. ಆದುದರಿಂದ ಉರಿಯೂತವನ್ನು ಶಮನ ಮಾಡುವ ವಸ್ತುಗಳಲ್ಲಿ ಕ್ಯಾನ್ಸರನ್ನು ತಡೆಯುವ ಗುಣವೂ ಇರಬಹುದೆಂಬ ನಿರೀಕ್ಷೆ ಮೂಡಿತು. ಶುಂಠಿ ಸಂಶೋಧನೆಗೆ ಬಂದದ್ದು ಈ ದಾರಿಯಿಂದ.

ಸಂಯುಕ್ತಗಳು ಕೋಶದಲ್ಲಿ ಮಾಡುವ ಕೆಲಸ

ಪ್ರಯೋಗಾಲಯದ ಅಧ್ಯಯನಗಳಲ್ಲಿ ಶುಂಠಿಯ ಸಂಯುಕ್ತಗಳ ಕಾರ್ಯ ಮುಖ್ಯವಾಗಿ ನಾಲ್ಕು ಬಗೆಯಲ್ಲಿ ಕಂಡುಬಂದಿದೆ.

ಮೊದಲನೆಯದು ಉರಿಯೂತದ ತಡೆ. ಕೋಶದಲ್ಲಿ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನು ಉರಿಯೂತದ ವಂಶವಾಹಿಗಳನ್ನು ಚಾಲನೆಗೊಳಿಸುತ್ತದೆ. ಇದರ ಆಜ್ಞೆಯಿಂದ ತಯಾರಾಗುವ ಕಾಕ್ಸ್-2 ಎಂಬ ಕಿಣ್ವವು ಪ್ರೊಸ್ಟಾಗ್ಲಾಂಡಿನ್ ಇ2 ಎಂಬ ಉರಿಯೂತದ ಸಂದೇಶವಸ್ತುವನ್ನು ಉತ್ಪಾದಿಸುತ್ತದೆ. ಜಿಂಜೆರಾಲ್ ಮತ್ತು ಶೊಗಾಲ್ ಈ ಸರಣಿಯನ್ನು ಹಲವು ಹಂತಗಳಲ್ಲಿ ದುರ್ಬಲಗೊಳಿಸುತ್ತವೆ.

ಎರಡನೆಯದು ರಕ್ಷಣಾ ಕಿಣ್ವಗಳ ಪ್ರಚೋದನೆ. ಎನ್‌ಆರ್‌ಎಫ್2 ಎಂಬ ಪ್ರೋಟೀನು ವಿಷವಸ್ತುಗಳನ್ನು ನಿಷ್ಕ್ರಿಯಗೊಳಿಸುವ ಕಿಣ್ವಗಳ ಉತ್ಪಾದನೆಯನ್ನು ಹೆಚ್ಚಿಸುತ್ತದೆ. ಶೊಗಾಲ್ ಈ ಪ್ರೋಟೀನನ್ನು ಎಚ್ಚರಿಸುತ್ತದೆ. ಆರೋಗ್ಯವಂತ ಕೋಶಕ್ಕೆ ಇದು ರಕ್ಷಣೆ.

ಮೂರನೆಯದು ಯೋಜಿತ ಕೋಶಮರಣದ ಪ್ರಚೋದನೆ. ಸಾವನ್ನು ತಪ್ಪಿಸಿಕೊಂಡ ಕ್ಯಾನ್ಸರ್ ಕೋಶಗಳಲ್ಲಿ ಕ್ಯಾಸ್ಪೇಸ್ ಎಂಬ ಕಿಣ್ವಗಳು ಮತ್ತೆ ಕ್ರಿಯಾಶೀಲವಾಗಿ ಕೋಶವನ್ನು ಒಳಗಿನಿಂದಲೇ ಕಳಚುತ್ತವೆ.

ನಾಲ್ಕನೆಯದು ಕೋಶವಿಭಜನೆಗೆ ಅಡ್ಡಿ. ಕೋಶವು ಎರಡಾಗುವಾಗ ವರ್ಣತಂತುಗಳನ್ನು ಎಳೆದು ಹಂಚುವ ಎಳೆಗಳು ಟ್ಯೂಬುಲಿನ್ ಎಂಬ ಪ್ರೋಟೀನಿನಿಂದ ಆಗಿವೆ. ಶೊಗಾಲ್ ಈ ಪ್ರೋಟೀನಿನ ಗಂಧಕಯುಕ್ತ ಭಾಗಗಳಿಗೆ ಅಂಟಿಕೊಂಡು ಎಳೆಗಳನ್ನು ಕೆಡಿಸುತ್ತದೆ ಎಂಬುದು ಜಠರ ಕ್ಯಾನ್ಸರಿನ ಕೋಶಗಳಲ್ಲಿ ಕಂಡುಬಂದಿದೆ. ನೀರನ್ನು ಕಳೆದುಕೊಳ್ಳುವಾಗ ಶೊಗಾಲ್ ಅಣುವಿನಲ್ಲಿ ಮೂಡುವ ದ್ವಿಬಂಧವು ಗಂಧಕದೊಡನೆ ಸುಲಭವಾಗಿ ಕೂಡುತ್ತದೆ. ಜಿಂಜೆರಾಲಿನಲ್ಲಿ ಈ ದ್ವಿಬಂಧವಿಲ್ಲ. ಆದುದರಿಂದ ಬಹುಪಾಲು ಪ್ರಯೋಗಗಳಲ್ಲಿ ಜಿಂಜೆರಾಲಿಗಿಂತ ಶೊಗಾಲ್ ಪ್ರಬಲವಾಗಿ ಕಾಣುತ್ತದೆ.

ಪ್ರಯೋಗಾಲಯದ ಫಲಿತಾಂಶಗಳು

ಔಷಧ ಸಂಶೋಧನೆ ಸಾಮಾನ್ಯವಾಗಿ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳಿಂದ ಆರಂಭವಾಗಿ, ಪ್ರಾಣಿಗಳ ಮೂಲಕ ಸಾಗಿ, ಮನುಷ್ಯರ ಮೇಲಿನ ನಿಯಂತ್ರಿತ ಪ್ರಯೋಗಗಳಲ್ಲಿ ಕೊನೆಗೊಳ್ಳುತ್ತದೆ. ಶುಂಠಿಯ ಕುರಿತ ಅಧ್ಯಯನಗಳಲ್ಲಿ ಹೆಚ್ಚಿನವು ಮೊದಲ ಎರಡು ಹಂತಗಳಿಗೆ ಸೇರಿವೆ. ಸ್ತನ, ದೊಡ್ಡಕರುಳು, ಅಂಡಾಶಯ, ಯಕೃತ್ತು, ಮೇದೋಜೀರಕ ಗ್ರಂಥಿ ಮೊದಲಾದ ಅಂಗಗಳ ಕ್ಯಾನ್ಸರ್ ಕೋಶಗಳ ಬೆಳವಣಿಗೆಯನ್ನು ತಟ್ಟೆಯಲ್ಲಿ ತಡೆಯಲು ಸಾಧ್ಯವಾಗಿದೆ.

ಪ್ರಾಣಿಗಳಲ್ಲಿಯೂ ಫಲಿತಾಂಶಗಳು ಆಶಾದಾಯಕವಾಗಿವೆ. ಗೆಡ್ಡೆಯ ಬೆಳವಣಿಗೆಯನ್ನು ಪ್ರಚೋದಿಸುವ ರಾಸಾಯನಿಕವನ್ನು ಇಲಿಯ ಚರ್ಮಕ್ಕೆ ಹಚ್ಚುವ ಮುನ್ನ ಶುಂಠಿಯ ಸಾರ ಅಥವಾ 6-ಜಿಂಜೆರಾಲನ್ನು ಲೇಪಿಸಿದಾಗ ಗೆಡ್ಡೆಗಳು ಕಡಿಮೆಯಾದುದನ್ನು 1990ರ ದಶಕದ ಪ್ರಯೋಗಗಳು ತೋರಿಸಿದವು. ಅಮೆರಿಕದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದ ತಂಡ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮನುಷ್ಯರ ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳನ್ನು ಇಲಿಗಳಿಗೆ ಕಸಿ ಮಾಡಲಾಗಿತ್ತು. ದಿನವೂ ಪ್ರತಿ ಕಿಲೋಗ್ರಾಂ ದೇಹತೂಕಕ್ಕೆ 100 ಮಿಲಿಗ್ರಾಂ ಶುಂಠಿಸಾರ ಸೇವಿಸಿದ ಇಲಿಗಳಲ್ಲಿ ಗೆಡ್ಡೆಯ ಬೆಳವಣಿಗೆ ಸುಮಾರು ಶೇ. 56ರಷ್ಟು ತಗ್ಗಿತು. ಆದರೆ ಇಲಿಯಲ್ಲಿ ಯಶಸ್ವಿಯಾದ ವಸ್ತುಗಳಲ್ಲಿ ಬಹುಪಾಲು ಮನುಷ್ಯರಲ್ಲಿ ಅದೇ ಯಶಸ್ಸನ್ನು ಪಡೆಯುವುದಿಲ್ಲ ಎಂಬುದು ಔಷಧ ಸಂಶೋಧನೆಯ ಸಾಮಾನ್ಯ ಅನುಭವ.

ಹತ್ತು ಸಾವಿರ ಪಟ್ಟು ಎಂಬ ಮಾತಿನ ಮೂಲ

ಶುಂಠಿಯು ಕೀಮೋಥೆರಪಿಗಿಂತ ಹತ್ತು ಸಾವಿರ ಪಟ್ಟು ಪ್ರಬಲ ಎಂಬ ಸಂದೇಶ ಮೊಬೈಲುಗಳಲ್ಲಿ ಹಲವು ವರ್ಷಗಳಿಂದ ಹರಿದಾಡುತ್ತಿದೆ. ಇದರ ಮೂಲವು ತಿರುವನಂತಪುರದ ರಾಜೀವ್ ಗಾಂಧಿ ಜೈವಿಕ ತಂತ್ರಜ್ಞಾನ ಕೇಂದ್ರದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ. ಸ್ತನ ಕ್ಯಾನ್ಸರಿನ ಕೋಶಗಳು ತಟ್ಟೆಯಲ್ಲಿ ಒಂದೇ ಪದರವಾಗಿ ಬೆಳೆಯುವುದುಂಟು. ಕೆಲವು ಪರಿಸ್ಥಿತಿಗಳಲ್ಲಿ ಪುಟ್ಟ ಗೋಳಗಳಾಗಿ ಗುಂಪುಗೂಡುವುದೂ ಉಂಟು. ಈ ಗೋಳಗಳಲ್ಲಿ ಚಿಕಿತ್ಸೆಗೆ ಸುಲಭವಾಗಿ ಬಗ್ಗದ, ಗೆಡ್ಡೆ ಮರುಕಳಿಸಲು ಕಾರಣವೆನ್ನಲಾದ ಕಾಂಡಕೋಶದಂಥ ಕೋಶಗಳು ಹೆಚ್ಚಿರುತ್ತವೆ.

6-ಶೊಗಾಲ್ ಈ ಎರಡೂ ಬಗೆಯ ಕೋಶಗಳನ್ನು ಕೊಂದಿತು. ಟ್ಯಾಕ್ಸಾಲ್ ಎಂಬ ಪ್ರಸಿದ್ಧ ಔಷಧವು ಒಂಟಿ ಪದರದ ಕೋಶಗಳ ಮೇಲೆ ಬಹಳ ಪ್ರಬಲವಾಗಿದ್ದರೂ, 6-ಶೊಗಾಲಿಗಿಂತ ಹತ್ತು ಸಾವಿರ ಪಟ್ಟು ಹೆಚ್ಚಿನ ಸಾಂದ್ರತೆಯಲ್ಲಿಯೂ ಗೋಳಗಳ ಮೇಲೆ ಪರಿಣಾಮ ಬೀರಲಿಲ್ಲ. ಅಧ್ಯಯನ ಹೇಳಿದ್ದು ಇಷ್ಟೇ. ಪರೀಕ್ಷೆಗೆ ಒಳಗಾದದ್ದು ಶುದ್ಧೀಕರಿಸಿದ ಒಂದು ಸಂಯುಕ್ತ, ಅಡುಗೆಯ ಶುಂಠಿಯಲ್ಲ. ಹೋಲಿಕೆ ನಡೆದದ್ದು ಒಂದು ವಿಶೇಷ ಬಗೆಯ ಕೋಶಗುಚ್ಛದಲ್ಲಿ, ರೋಗಿಯ ದೇಹದಲ್ಲಲ್ಲ. ವಿಜ್ಞಾನದ ದೃಷ್ಟಿಯಿಂದ ಇದು ಕುತೂಹಲಕರ ಸುಳಿವು. ಚಿಕಿತ್ಸೆಯ ಆಯ್ಕೆಗೆ ಇದನ್ನು ಆಧಾರವಾಗಿಸಲು ಬರುವುದಿಲ್ಲ.

ರಕ್ತವನ್ನು ತಲುಪುವ ಪ್ರಮಾಣ

ತಟ್ಟೆಯ ಫಲಿತಾಂಶವು ದೇಹದಲ್ಲಿ ಮರುಕಳಿಸದಿರಲು ಮುಖ್ಯ ಕಾರಣ ಪ್ರಮಾಣ. ತಟ್ಟೆಯ ಪ್ರಯೋಗಗಳಲ್ಲಿ 6-ಜಿಂಜೆರಾಲಿನ ಸಾಂದ್ರತೆ 100 ಮೈಕ್ರೊಮೋಲಾರ್ ಇರುವುದು ಅಪರೂಪವಲ್ಲ. ಈ ಅಣುವಿನ ತೂಕದಿಂದ ಲೆಕ್ಕ ಹಾಕಿದರೆ ಅದು ಪ್ರತಿ ಲೀಟರಿಗೆ ಸುಮಾರು 29 ಮಿಲಿಗ್ರಾಂ ಆಗುತ್ತದೆ.

ಮನುಷ್ಯರ ರಕ್ತದಲ್ಲಿ ಇದು ಎಷ್ಟಿರುತ್ತದೆ ಎಂಬುದನ್ನು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ತಂಡ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಳೆಯಿತು. 27 ಆರೋಗ್ಯವಂತರು 100 ಮಿಲಿಗ್ರಾಂನಿಂದ 2 ಗ್ರಾಂವರೆಗಿನ ಶುಂಠಿಸಾರವನ್ನು ಸೇವಿಸಿದರು. ಯಾರ ರಕ್ತದಲ್ಲಿಯೂ ಮುಕ್ತ ರೂಪದ ಜಿಂಜೆರಾಲಾಗಲಿ ಶೊಗಾಲಾಗಲಿ ಪತ್ತೆಯಾಗಲಿಲ್ಲ. ಕರುಳು ಮತ್ತು ಯಕೃತ್ತು ಈ ಅಣುಗಳಿಗೆ ಗ್ಲುಕುರೊನೈಡ್ ಅಥವಾ ಸಲ್ಫೇಟನ್ನು ಜೋಡಿಸಿ, ನೀರಿನಲ್ಲಿ ಕರಗುವಂತೆ ಮಾಡಿ ಹೊರಹಾಕಲು ಸಿದ್ಧಗೊಳಿಸಿದ್ದವು. ಈ ಬಂಧಿತ ರೂಪದಲ್ಲಿಯೂ 6-ಜಿಂಜೆರಾಲಿನ ಸರಾಸರಿ ಗರಿಷ್ಠ ಪ್ರಮಾಣ ಪ್ರತಿ ಲೀಟರಿಗೆ 2 ಮಿಲಿಗ್ರಾಂ ಮುಟ್ಟಲಿಲ್ಲ. ಮುಂದೆ ಹೆಚ್ಚು ಸೂಕ್ಷ್ಮವಾದ ಉಪಕರಣಗಳಿಂದ ಪರೀಕ್ಷಿಸಿದಾಗ ಮುಕ್ತ ರೂಪದ ಕೆಲವು ಸಂಯುಕ್ತಗಳು ಕಂಡವು, ಆದರೆ ಒಂದು ಮಿಲಿಲೀಟರಿಗೆ ಕೆಲವೇ ನ್ಯಾನೊಗ್ರಾಂಗಳಷ್ಟು ಮಾತ್ರ.

ಈ ತೊಡಕನ್ನು ನಿವಾರಿಸಲು ಸಂಯುಕ್ತಗಳನ್ನು ಅತಿಸೂಕ್ಷ್ಮ ಕೊಬ್ಬಿನ ಕಣಗಳಲ್ಲಿ ಅಡಗಿಸಿ ಸಾಗಿಸುವ ನ್ಯಾನೊ ತಂತ್ರಜ್ಞಾನದ ಪ್ರಯತ್ನಗಳು ಪ್ರಯೋಗಾಲಯಗಳಲ್ಲಿ ನಡೆದಿವೆ.

ತಡೆಗಟ್ಟುವಿಕೆ: ಮನುಷ್ಯರಲ್ಲಿ ಕಂಡದ್ದು

ರಕ್ತವನ್ನು ಹೆಚ್ಚಾಗಿ ತಲುಪದ ವಸ್ತುವೂ ಜೀರ್ಣಾಂಗದ ಒಳಪದರವನ್ನು ನೇರವಾಗಿ ತಾಗುತ್ತದೆ. ಈ ಕಾರಣದಿಂದ ತಡೆಗಟ್ಟುವಿಕೆಯ ಅಧ್ಯಯನಗಳಿಗೆ ದೊಡ್ಡಕರುಳು ಸಹಜವಾದ ಆಯ್ಕೆಯಾಯಿತು. ಮಿಷಿಗನ್ ತಂಡವೇ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 30 ಆರೋಗ್ಯವಂತರು ಭಾಗವಹಿಸಿದರು. ಕೆಲವರು 28 ದಿನ ನಿತ್ಯ 2 ಗ್ರಾಂ ಶುಂಠಿಸಾರ ಸೇವಿಸಿದರು. ಉಳಿದವರಿಗೆ ಔಷಧಗುಣವಿಲ್ಲದ ಹುಸಿಮದ್ದು ದೊರೆಯಿತು. ಶುಂಠಿ ಸೇವಿಸಿದವರ ಕರುಳಿನ ಒಳಪದರದಲ್ಲಿ ಪ್ರೊಸ್ಟಾಗ್ಲಾಂಡಿನ್ ಇ2 ಸರಾಸರಿ ಶೇ. 28ರಷ್ಟು ಕಡಿಮೆಯಾಗಿತ್ತು.

ದೊಡ್ಡಕರುಳಿನ ಕ್ಯಾನ್ಸರಿನ ಅಪಾಯ ಹೆಚ್ಚಾಗಿದ್ದ 20 ಜನರಲ್ಲಿ ಇದೇ ಬಗೆಯ ಪ್ರಯೋಗ ನಡೆಸಿದಾಗ ಉರಿಯೂತದ ಕೆಲವು ಸೂಚಕಗಳು ಇಳಿದರೂ ಪ್ರೊಸ್ಟಾಗ್ಲಾಂಡಿನ್ ಇ2ರಲ್ಲಿ ಗಣನೀಯ ಬದಲಾವಣೆ ಕಾಣಲಿಲ್ಲ. ಇವೆರಡೂ ಅಲ್ಪಾವಧಿಯ ಸಣ್ಣ ಅಧ್ಯಯನಗಳು. ಅವು ಅಳೆದದ್ದು ಉರಿಯೂತದ ಸೂಚಕಗಳನ್ನು, ಕ್ಯಾನ್ಸರನ್ನಲ್ಲ. ಒಂದು ವಸ್ತುವು ಕ್ಯಾನ್ಸರನ್ನು ತಡೆಯುತ್ತದೆ ಎಂದು ಸಾಧಿಸಬೇಕಾದರೆ ಸಾವಿರಾರು ಜನರನ್ನು ಹಲವು ವರ್ಷ ಗಮನಿಸಿ, ಎರಡು ಗುಂಪುಗಳಲ್ಲಿ ರೋಗ ಬಂದವರ ಸಂಖ್ಯೆಯನ್ನು ಹೋಲಿಸಬೇಕು.

ವಾಕರಿಕೆಯ ಶಮನ

ಶುಂಠಿಗೆ ಮನುಷ್ಯರಲ್ಲಿ ಹೆಚ್ಚಿನ ಆಧಾರ ದೊರೆತಿರುವುದು ಕೀಮೋಥೆರಪಿಯಿಂದ ಬರುವ ವಾಕರಿಕೆಯ ವಿಷಯದಲ್ಲಿ. ಕ್ಯಾನ್ಸರ್ ಔಷಧಗಳು ಕರುಳಿನ ವಿಶಿಷ್ಟ ಕೋಶಗಳಿಂದ ಸೆರೊಟೋನಿನ್ ಎಂಬ ವಸ್ತುವನ್ನು ಹೊರಚಿಮ್ಮಿಸುತ್ತವೆ. ಅದು ನರತುದಿಗಳ 5-ಎಚ್‌ಟಿ3 ಗ್ರಾಹಕಗಳನ್ನು ಕೆರಳಿಸಿ, ಮಿದುಳಿಗೆ ವಾಂತಿಯ ಸಂದೇಶ ಕಳುಹಿಸುತ್ತದೆ. ಆಸ್ಪತ್ರೆಗಳಲ್ಲಿ ನೀಡುವ ಆಂಡಾನ್ಸೆಟ್ರಾನ್ ಈ ಗ್ರಾಹಕವನ್ನು ಮುಚ್ಚುತ್ತದೆ. ಜಿಂಜೆರಾಲ್ ಮತ್ತು ಶೊಗಾಲ್ ಕೂಡ ಇದೇ ಗ್ರಾಹಕದ ಚಟುವಟಿಕೆಯನ್ನು ಕುಗ್ಗಿಸುವುದು ಪ್ರಯೋಗಾಲಯದಲ್ಲಿ ಕಂಡುಬಂದಿದೆ.

ಅಮೆರಿಕದಲ್ಲಿ ನಡೆದು 2012ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ 576 ರೋಗಿಗಳ ಫಲಿತಾಂಶವನ್ನು ವಿಶ್ಲೇಷಿಸಲಾಯಿತು. ಎಲ್ಲರಿಗೂ ವಾಂತಿ ತಡೆಯುವ ಸಾಮಾನ್ಯ ಔಷಧ ದೊರೆಯುತ್ತಿತ್ತು. ಅದರ ಜೊತೆಗೆ ಕೀಮೋಥೆರಪಿಗೆ ಮೂರು ದಿನ ಮುಂಚಿನಿಂದ ಒಟ್ಟು ಆರು ದಿನ ಶುಂಠಿಯ ಕ್ಯಾಪ್ಸೂಲು ಅಥವಾ ಹುಸಿಮದ್ದು ನೀಡಲಾಯಿತು. ಶುಂಠಿ ಪಡೆದವರಲ್ಲಿ ಮೊದಲ ದಿನದ ವಾಕರಿಕೆ ಕಡಿಮೆಯಿತ್ತು. ದಿನಕ್ಕೆ ಅರ್ಧ ಗ್ರಾಂ ಮತ್ತು ಒಂದು ಗ್ರಾಂ ಪಡೆದವರಲ್ಲಿ ಪರಿಣಾಮ ಅಧಿಕವಾಗಿತ್ತು; ಒಂದೂವರೆ ಗ್ರಾಂ ನೀಡಿದುದರಿಂದ ಹೆಚ್ಚಿನ ಲಾಭ ಸಿಗಲಿಲ್ಲ.

ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಸಂಶೋಧಕರು ಮೂಳೆಯ ಕ್ಯಾನ್ಸರಿಗೆ ಪ್ರಬಲ ಔಷಧ ಪಡೆಯುತ್ತಿದ್ದ ಮಕ್ಕಳು ಮತ್ತು ಯುವಜನರಲ್ಲಿ ಒಣಶುಂಠಿಯ ಪುಡಿಯನ್ನು ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಹುಸಿಮದ್ದಿನ ಗುಂಪಿನಲ್ಲಿ ಶೇ. 93.3ರಷ್ಟು ಚಿಕಿತ್ಸಾ ಆವರ್ತಗಳಲ್ಲಿ ಆರಂಭಿಕ ವಾಕರಿಕೆಯು ಮಧ್ಯಮ ಅಥವಾ ತೀವ್ರ ಮಟ್ಟದಲ್ಲಿದ್ದರೆ, ಶುಂಠಿಯ ಗುಂಪಿನಲ್ಲಿ ಅದು ಶೇ. 55.6ರಷ್ಟಿತ್ತು.

ಎಲ್ಲ ಪ್ರಯೋಗಗಳೂ ಒಂದೇ ಉತ್ತರ ನೀಡಿಲ್ಲ. ಇಟಲಿಯಲ್ಲಿ ಸಿಸ್‌ಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧವನ್ನು ಹೆಚ್ಚಿನ ಪ್ರಮಾಣದಲ್ಲಿ ಪಡೆಯುತ್ತಿದ್ದ 121 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಶುಂಠಿಸಾರದಿಂದ ಪ್ರಯೋಜನ ಕಾಣಲಿಲ್ಲ. ಆಸ್ಟ್ರೇಲಿಯಾದಲ್ಲಿ 103 ರೋಗಿಗಳೊಡನೆ ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವಾಕರಿಕೆಗೆ ಸಂಬಂಧಿಸಿದ ಜೀವನಗುಣಮಟ್ಟ ಸುಧಾರಿಸಿತು. ಸಾರದ ಬಗೆ, ಅದರಲ್ಲಿರುವ ಜಿಂಜೆರಾಲಿನ ಪ್ರಮಾಣ ಮತ್ತು ಕೀಮೋಥೆರಪಿಯ ತೀವ್ರತೆ ಒಂದು ಪ್ರಯೋಗದಿಂದ ಇನ್ನೊಂದಕ್ಕೆ ಬದಲಾಗುವುದರಿಂದ ಇಂಥ ಭಿನ್ನತೆ ಸಹಜ. ಈ ಪ್ರಯೋಗಗಳಲ್ಲಿ ಶುಂಠಿಯನ್ನು ಪರೀಕ್ಷಿಸಿದ್ದು ವಾಂತಿನಿರೋಧಕ ಔಷಧದ ಜೊತೆಗೆ, ಅದರ ಬದಲಿಗೆ ಅಲ್ಲ.

ಸಸ್ಯದಿಂದ ಔಷಧದವರೆಗೆ

ಸಸ್ಯಗಳಿಂದ ಕ್ಯಾನ್ಸರ್ ಔಷಧ ದೊರೆಯುವುದು ಹೊಸ ಸಂಗತಿಯಲ್ಲ. ಮನೆಯಂಗಳದ ನಿತ್ಯಪುಷ್ಪದಿಂದ ವಿನ್‌ಬ್ಲಾಸ್ಟೀನ್ ಮತ್ತು ವಿನ್‌ಕ್ರಿಸ್ಟೀನ್ ಬಂದಿವೆ. ಎರಡೂ 1960ರ ದಶಕದಿಂದ ಬಳಕೆಯಲ್ಲಿವೆ. ಅಮೆರಿಕದ ಪೆಸಿಫಿಕ್ ಯೂ ಮರದ ತೊಗಟೆಯಲ್ಲಿ ದೊರೆತ ಟ್ಯಾಕ್ಸಾಲಿಗೆ ಅಲ್ಲಿ 1992ರಲ್ಲಿ ಅನುಮೋದನೆ ದೊರೆಯಿತು. ಪಶ್ಚಿಮ ಘಟ್ಟಗಳಲ್ಲಿ ಬೆಳೆಯುವ ದುರ್ವಾಸನೆ ಮರದಲ್ಲಿ ಕ್ಯಾಂಪ್ಟೊಥೆಸಿನ್ ಇದೆ. ಇರಿನೊಟೆಕಾನ್ ಮತ್ತು ಟೊಪೊಟೆಕಾನ್ ಔಷಧಗಳು ಈ ಸಂಯುಕ್ತದಿಂದ ರೂಪಾಂತರಗೊಂಡವು.

ಈ ಉದಾಹರಣೆಗಳಲ್ಲಿ ಒಂದು ಸಾಮ್ಯವಿದೆ. ಯಾವುದರಲ್ಲಿಯೂ ಸಸ್ಯವನ್ನು ಹಾಗೆಯೇ ತಿನ್ನಿಸುವುದಿಲ್ಲ. ಒಂದು ಅಣುವನ್ನು ಬೇರ್ಪಡಿಸಿ, ಅಗತ್ಯವಿದ್ದರೆ ಅದರ ರಚನೆಯನ್ನು ಮಾರ್ಪಡಿಸಿ, ಪ್ರಮಾಣ ನಿಗದಿಪಡಿಸಿ, ಸಾಮಾನ್ಯವಾಗಿ ರಕ್ತನಾಳದ ಮೂಲಕ ನೀಡಲಾಗುತ್ತದೆ. ಜಿಂಜೆರಾಲ್ ಮತ್ತು ಶೊಗಾಲ್ ಈ ಹಾದಿಯ ಆರಂಭಿಕ ಭಾಗದಲ್ಲಿವೆ. ಶುಂಠಿಯ ಯಾವ ಸಂಯುಕ್ತವೂ ಕ್ಯಾನ್ಸರ್ ಔಷಧವೆಂದು ಅನುಮೋದನೆ ಪಡೆದಿಲ್ಲ.

ಬಳಕೆಯಲ್ಲಿ ಎಚ್ಚರಿಕೆ

ಅಡುಗೆಯಲ್ಲಿ ಬಳಸುವ ಪ್ರಮಾಣದ ಶುಂಠಿ ಬಹುಪಾಲು ಜನರಿಗೆ ಸುರಕ್ಷಿತ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಇದನ್ನು ಸುರಕ್ಷಿತ ಆಹಾರವಸ್ತುಗಳ ಪಟ್ಟಿಯಲ್ಲಿರಿಸಿದೆ. ಕ್ಯಾಪ್ಸೂಲು, ಸಾರ ಮತ್ತು ಪುಡಿಯ ರೂಪದಲ್ಲಿ ಹೆಚ್ಚಾಗಿ ಸೇವಿಸಿದಾಗ ಎದೆಯುರಿ, ಹೊಟ್ಟೆಯುರಿ ಮತ್ತು ಭೇದಿ ಉಂಟಾಗಬಹುದು.

ಕ್ಯಾನ್ಸರ್ ರೋಗಿಗಳಿಗೆ ಸಂಬಂಧಿಸಿದ ಮುಖ್ಯ ವಿಷಯ ರಕ್ತಸ್ರಾವ. ಕೀಮೋಥೆರಪಿಯ ಅವಧಿಯಲ್ಲಿ ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್‌ಗಳ ಸಂಖ್ಯೆ ಕುಸಿಯಬಹುದು. ಶುಂಠಿಯ ಸಂಯುಕ್ತಗಳು ಪ್ಲೇಟ್‌ಲೆಟ್‌ಗಳು ಒಟ್ಟುಗೂಡುವುದನ್ನು ಸ್ವಲ್ಪಮಟ್ಟಿಗೆ ತಡೆಯಬಲ್ಲವು. ಆದುದರಿಂದ ಪ್ಲೇಟ್‌ಲೆಟ್ ಕಡಿಮೆಯಿರುವವರು, ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ವಾರ್ಫರಿನ್‌ನಂಥ ಔಷಧ ಸೇವಿಸುವವರು ಮತ್ತು ಶಸ್ತ್ರಚಿಕಿತ್ಸೆಗೆ ಸಿದ್ಧರಾಗುತ್ತಿರುವವರು ಶುಂಠಿಯ ಕ್ಯಾಪ್ಸೂಲುಗಳನ್ನು ವೈದ್ಯರಿಗೆ ತಿಳಿಸದೆ ತೆಗೆದುಕೊಳ್ಳಬಾರದು. ಪಿತ್ತಕೋಶದಲ್ಲಿ ಕಲ್ಲಿರುವವರಿಗೂ ಇದು ಅನ್ವಯಿಸುತ್ತದೆ. ಶುಂಠಿಯನ್ನು ನಂಬಿ ನಿಗದಿತ ಚಿಕಿತ್ಸೆಯನ್ನು ಮುಂದೂಡುವುದು ಇವೆಲ್ಲಕ್ಕಿಂತ ದೊಡ್ಡ ಅಪಾಯ. ಆ ಅವಧಿಯಲ್ಲಿ ಗುಣಪಡಿಸಬಹುದಾಗಿದ್ದ ಗೆಡ್ಡೆಯೂ ಹರಡಬಹುದು.

ಈಗಿನ ಸ್ಥಿತಿ

ಆರಂಭದ ಮೂರು ಪ್ರಶ್ನೆಗಳಿಗೆ ಇಂದಿನ ಉತ್ತರಗಳನ್ನು ಹೀಗೆ ಸಂಗ್ರಹಿಸಬಹುದು. ಕ್ಯಾನ್ಸರನ್ನು ತಡೆಯುವ ವಿಷಯದಲ್ಲಿ ಕೋಶ ಮತ್ತು ಪ್ರಾಣಿಗಳ ಮಟ್ಟದ ಆಧಾರವಿದೆ. ಮನುಷ್ಯರಲ್ಲಿ ಕಂಡಿರುವುದು ಉರಿಯೂತದ ಸೂಚಕಗಳ ಬದಲಾವಣೆ ಮಾತ್ರ. ಕ್ಯಾನ್ಸರನ್ನು ಗುಣಪಡಿಸುವ ವಿಷಯದಲ್ಲಿ ಪ್ರಯೋಗಾಲಯದ ಸುಳಿವುಗಳಿವೆ. ಅವುಗಳ ಮುಂದಿರುವ ತಡೆಗೋಡೆ ದೇಹದಲ್ಲಿ ತಲುಪಬೇಕಾದ ಪ್ರಮಾಣ. ಕೀಮೋಥೆರಪಿಯ ವಾಕರಿಕೆಯನ್ನು ತಗ್ಗಿಸುವ ವಿಷಯದಲ್ಲಿ ನೂರಾರು ರೋಗಿಗಳ ಮೇಲೆ ನಡೆದ ನಿಯಂತ್ರಿತ ಪ್ರಯೋಗಗಳ ಬೆಂಬಲವಿದೆ, ಅದೂ ವಾಂತಿ ತಡೆಯುವ ಸಾಮಾನ್ಯ ಔಷಧಗಳಿಗೆ ಸಹಾಯಕವಾಗಿ. ಅಜೀರ್ಣಕ್ಕೂ ಓಕರಿಕೆಗೂ ಶುಂಠಿಯ ಕಷಾಯ ಮತ್ತು ತಂಬುಳಿ ನಮ್ಮ ಮನೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿವೆ. ಆಧುನಿಕ ಪರೀಕ್ಷೆಗಳು ಶುಂಠಿಗೆ ಹೆಚ್ಚಿನ ಬಲ ಕಂಡಿರುವುದೂ ಆ ಹಳೆಯ ಉಪಯೋಗದಲ್ಲಿಯೇ.